ಒಂಬತ್ತು ಅಂಗುಲ

ಲಾರ್ಕ್‌ಫೀಲ್ಡ್ ಕ್ಲೋಸಿನ ಹದಿನೇಳು ಮನೆಗಳಿಗೂ
ಒಂದೇ ಕ್ರಯಪತ್ರ, ಎಪ್ಪತ್ತನಾಲ್ಕನೇ ಇಸವಿಯ ಟೈಪು:
ಕೋಳಿ ಸಾಕಕೂಡದು. ದೋಣಿ ಇಡಕೂಡದು.
ಬೇಲಿ ಸೊಂಟ ಮೀರಿ ಬೆಳೆಯಕೂಡದು.
ಮುಂಗೋಡೆಯ ಗೆರೆ ದಾಟಿ
ಗಾಲಿಯ ಮೇಲಿನ ಮನೆ ನಿಲ್ಲಕೂಡದು.

ಟೈಪು ಮಾಡಿದವರು ಈಗ ಇದ್ದಾರೋ ಇಲ್ಲವೋ,
‘ಕೂಡದು’ ಮಾತ್ರ ಗಟ್ಟಿಮುಟ್ಟಾಗಿದೆ.

ಷರತ್ತು ನನ್ನ ಬಾಬತ್ತಲ್ಲ, ಅದಕ್ಕೆ ವಕೀಲರಿದ್ದಾರೆ.
ನಾನು ಕೌನ್ಸಿಲ್ಲಿನ ಅಳತೆಯವನು.
ನನ್ನ ಫಾರಮ್ಮಿನಲ್ಲಿ ಎರಡೇ ಖಾನೆ:
ಗಾಡಿ ಫುಟ್‌ಪಾತಿಗೆ ಚಾಚಿದೆಯೇ,
ಒಳಗೆ ಯಾರಾದರೂ ಮಲಗುತ್ತಾರೆಯೇ.

ಒಂಬತ್ತನೇ ನಂಬರಿನ ಕ್ಲೈವ್ ಬ್ರಾಂಡ್ರೆತ್
ನಾಲ್ಕು ಪತ್ರ ಬರೆದಿದ್ದಾರೆ, ಫೋಟೋ ಸಮೇತ.
ರಾತ್ರಿ ಹತ್ತು ನಲವತ್ತು: ಪರದೆಯ ಹಿಂದೆ ದೀಪ.
ಬೆಳಗ್ಗೆ ಐದು ಐವತ್ತು: ಗಾಜಿನ ಮೇಲೆ ಕೆಟಲಿನ ಹಬೆ.
ಅಕ್ಷರ ದುಂಡಗಿದೆ. ಒಂದು ಕಾಗುಣಿತವೂ ತಪ್ಪಿಲ್ಲ.

ಫೆಬ್ರವರಿ. ಯಾರ್ಕ್‌ಷೈರಿನ ಕಡಲಗಾಳಿ
ಟೇಪಿನ ನಾಲಿಗೆಯನ್ನು ಎಳೆದಾಡುತ್ತಿತ್ತು.
ಕೆನೆಬಣ್ಣದ ಹಳೆಯ ಟಾಲ್ಬಟ್, ಕಂದು ಪಟ್ಟಿ,
ಗಾಲಿಯ ಮೇಲೆ ಚಹಾ ಚೆಲ್ಲಿದಂತೆ ತುಕ್ಕು.
ಹಿಂದಿನ ಸೈಕಲ್ ಚೌಕಟ್ಟು
ಹೊರಗೆ ಒಂಬತ್ತು ಅಂಗುಲ.
ಮಗುವಿನ ಗಾಡಿ ಹೋದೀತು,
ಎರಡು ಎದುರಾದರೆ ಕಷ್ಟ.

ಐರಿಸ್ ಥ್ವೇಟ್ ಬಂದರು, ಕೈಯಲ್ಲಿ ಪಾತ್ರೆ ತೊಳೆವ ಹಳದಿ ಗವಸು.
ಫಾರಮ್ಮು ನೋಡಿಕೊಂಡೇ ಕೇಳಿದೆ:
ರಾತ್ರಿ ಇದರಲ್ಲಿ ಯಾರಾದರೂ ಮಲಗುತ್ತೀರಾ?

“ಇಬ್ಬರೂ ಮಲಗುತ್ತೇವೆ.
ನಿದ್ದೆ ಬರುವುದು ವಿಲ್ಫ್‌ಗೆ ಮಾತ್ರ.

ಮನೆಯೊಳಗೆ ಇರಗೊಡುವುದಿಲ್ಲ ಅವನು.
ನಡುರಾತ್ರಿ ಕೋಟು ತೊಟ್ಟು ನಿಲ್ಲುತ್ತಾನೆ:
ಇದು ಯಾರ ಮನೆಯೋ ಏನೋ, ಹೊರಡೋಣ ನಡಿ,
ಅವರು ಬಂದರೆ ಏನು ಹೇಳೋಣ?
ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು.
ಗಾಡಿಯಲ್ಲಾದರೆ ಆ ಪ್ರಶ್ನೆ ಇಲ್ಲ,
ಗಾಡಿ ಎಲ್ಲಿದ್ದರೂ ಗಾಡಿಯೇ ತಾನೆ.

ಬೆಳಗ್ಗೆ ಎದ್ದು ಕೇಳುತ್ತಾನೆ, ಎಲ್ಲಿಗೆ ಬಂದೆವು?
ದಿನಕ್ಕೊಂದು ಊರು ಹೇಳುತ್ತೇನೆ.
ಮೊನ್ನೆ ಟೆನ್ಬಿ. ನಿನ್ನೆ ಓಬನ್.
ಸಮುದ್ರದ ಸದ್ದು ಹೇಗೂ ಇದೆ,
ಸುಳ್ಳಿಗೆ ಅಷ್ಟು ಆಸರೆ ಸಾಕು.”

ಕಾನೂನಿನ ಮಾತು ಹೀಗಿದೆ:
ವಾಹನದ ಬಳಕೆ
‘ಮನೆಯ ಸುಖಾನುಭವಕ್ಕೆ ಆನುಷಂಗಿಕ’ವಾಗಿರತಕ್ಕದ್ದು.
ಇಪ್ಪತ್ತು ವರ್ಷ ಗೀಟು ಹಾಕಿದ್ದೇನೆ ಆ ಸಾಲಿನ ಕೆಳಗೆ.
ಅದರಲ್ಲಿ ಸುಖ ಎಂಬ ಪದವಿದೆಯೆಂದು
ಆಗಲೇ ಕಂಡದ್ದು.

ಕಿಟಕಿ ಸರಿಯಿತು.
ಒಂದು ಕೆನ್ನೆಗೆ ಮಾತ್ರ ಕ್ಷೌರದ ನೊರೆ ಹಚ್ಚಿದ ಮುಖ
ನನ್ನ ಕೊರಳಪಟ್ಟಿ, ಕೈಹಲಗೆ, ಪೆನ್ನು ನೋಡಿ ಅರಳಿತು.
“ಬಂದಿರಾ! ನಿನ್ನೆ ತಡವಾಗಿ ತಲುಪಿದೆವು,
ನಿಮ್ಮ ಆಫೀಸು ಮುಚ್ಚಿತ್ತು.
ರಾತ್ರಿಗೆ ಎಷ್ಟು?”

ಐರಿಸ್ ನನ್ನ ಬೂಟುಗಳನ್ನೇ ನೋಡುತ್ತಿದ್ದರು.

ಎರಡು ಪೌಂಡು, ಎಂದೆ.
“ಅಗ್ಗವೇ. ಓಬನ್ನಿನಲ್ಲಿ ಹನ್ನೆರಡು ಕಿತ್ತರು.”
ನಾಣ್ಯ ಕೊಟ್ಟು, ಕೈ ಹಿಂತೆಗೆಯಲಿಲ್ಲ.
“ರಸೀದಿ?”
ಟಿಕೆಟ್ಟು ಹರಿದು ಕೊಟ್ಟ ಕೈ, ಬರಿಮಾತಿಗೆ ಒಪ್ಪೀತೇ.

ನನ್ನಲ್ಲಿದ್ದದ್ದು ನೋಟೀಸಿನ ಹಾಳೆ ಒಂದೇ.
ಅದರ ಬೆನ್ನಿಗೆ ಬರೆದೆ:
ವಾಹನ ಒಂದು. ಜನ ಇಬ್ಬರು. ರಾತ್ರಿ ಒಂದು.
ಸಹಿ ಹಾಕಿದೆ. ಮಡಚಿ ಜೇಬಿಗಿಟ್ಟುಕೊಂಡ.

ಎದುರು ಪರದೆ ಅಲುಗಿತು.
ಐದನೇ ಪತ್ರದಲ್ಲಿ ನಾನೂ ಇರುತ್ತೇನೆ:
ಹನ್ನೊಂದು ಹತ್ತು, ಅಧಿಕಾರಿ ಹಣ ಪಡೆದದ್ದು.
ಸುಳ್ಳೇನಲ್ಲ.

ಸೈಕಲ್ ಚೌಕಟ್ಟು ಬಿಚ್ಚಿಸಿ, ಎಂದೆ ಐರಿಸ್‌ಗೆ.
ಸೈಕಲ್ಲು ಮಾರಿ ಎಷ್ಟೋ ವರ್ಷವಾಯಿತಂತೆ.
ಸ್ಪ್ಯಾನರು ಕೊಟ್ಟರು, ನಾನೇ ಬಿಚ್ಚಿದೆ,
ನಾಲ್ಕು ಬೋಲ್ಟು, ಒಂದು ಹಟಮಾರಿ.

ಮೊದಲ ಖಾನೆ: ಚಾಚು ಇಲ್ಲ.
ಎರಡನೆಯದು ಮೇಜಿನ ಮೇಲೆ ಇನ್ನೂ ಖಾಲಿ.
ಪಕ್ಕದಲ್ಲಿ ಎರಡು ಪೌಂಡು.
ಯಾವ ಲೆಕ್ಕಕ್ಕೆ ಜಮಾ ಮಾಡಲಿ?
ಕೌನ್ಸಿಲ್ಲಿನ ಪುಸ್ತಕದಲ್ಲಿ
ಅಂಥ ಊರಿಲ್ಲ.