ಕಂಡದ್ದು, ಕೇಳಿದ್ದು

ಗಾಳಿಬೀಡಿನ ತನಿಖಾ ಗೇಟಿನಲ್ಲಿ ನನ್ನದೊಂದು ಪುಸ್ತಕ.
ನೀಲಿ ರಟ್ಟು, ಗೆದ್ದಲು ರುಚಿ ನೋಡಿ ಬಿಟ್ಟ ಅಂಚು.
ಪುಟಕ್ಕೆ ಎರಡು ಮನೆ, ಗೀಟು ಎಳೆದೇ ಕೊಟ್ಟಿದ್ದಾರೆ:
ಕಂಡದ್ದು. ಕೇಳಿದ್ದು.

ತನಿಯ ಹೇಳುತ್ತಾನೆ, ನಾನು ಬರೆಯುತ್ತೇನೆ.
ಅವನಿಗೆ ಅಕ್ಷರ ಬಾರದು, ನನಗೆ ಕಾಡು ಬಾರದು.

ಬೆಳಕು ಹರಿಯುವ ಮೊದಲೇ ತೋಡಿನ ಕಲ್ಲುಗಳ ನಡುವೆ
ಶಿಳ್ಳೆ ಹಕ್ಕಿ. ಬಾಕಿ ಕೇಳಲು ಬಂದು
ಮನೆಯವರ ಹೆಸರೇ ಮರೆತವನ ಹಾಗೆ
ಅರ್ಧ ಕರೆದು, ನಿಲ್ಲಿಸಿ, ಮತ್ತೆ ಮೊದಲಿಂದ.
ಕೇಳಿದ್ದು: ಒಂದು.

ಮಂಗಟ್ಟೆ ಹೋದರೆ ಆಕಾಶದಲ್ಲಿ ಗರಗಸದ ಕೆಲಸ;
ತಲೆ ಎತ್ತುವಷ್ಟರಲ್ಲಿ ಮಂಜು.
'ಎರಡು ಬರೀರಿ, ಗಂಡು ಹೆಣ್ಣು.'
ಹೇಗೆ ಗೊತ್ತು?
'ಒಂದು ರೆಕ್ಕೆ ಹಿಂದೆ ಬಿದ್ದದ್ದಕ್ಕೆ ಇನ್ನೊಂದು ಕಾಯ್ತದೆ.'

ಕಪ್ಪೆಬಾಯಿ ಹಕ್ಕಿ ಕಂಡದ್ದು ಹೌದೋ ಅಲ್ಲವೋ:
ಒಂದು ಒಣಗಿದ ಎಲೆ ಕಣ್ಣು ಮುಚ್ಚಿತು, ಅಷ್ಟೆ.

ಹಾವುಗಳ ಪುಟದಲ್ಲಿ ಮಾತ್ರ ಬಲಗಡೆ ಮನೆ ಸದಾ ಖಾಲಿ.
ಏಲಕ್ಕಿ ತೋಟದಂಚಿಗೆ ಹಸಿರು ಮಂಡಲ, ಮೂರು ದಿನ ಅದೇ ಕೊಂಬೆ;
ಮಳೆಹನಿ ಅದರ ಮೂಗಿನ ಮೇಲೇ ದಾರಿ ಮಾಡಿಕೊಂಡಿತ್ತು.
ಕಂಡದ್ದು. ಕಂಡದ್ದು. ಕಂಡದ್ದು.

ಮೇ ತಿಂಗಳು. ಓಟೆ ಮೆಳೆಯ ಹತ್ತಿರ ತನಿಯ ನನ್ನ ತೋಳು ಹಿಡಿದ.
ಯಾರೋ ಅಂಗಳ ಗುಡಿಸುವ ಸದ್ದು.
ಅಲ್ಲಿ ಅಂಗಳವಿಲ್ಲ.
ಒಂದೆಳೆತ, ಬಿಡುವು, ಮತ್ತೊಂದೆಳೆತ.
'ಕಾಳಿಂಗ,' ಉಸಿರಿನಲ್ಲೇ ಅಂದ, 'ಬಸುರಿ.
ಮೈಯನ್ನೇ ಮೊಣಕೈ ಮಾಡಿ ಎಲೆ ಕೂಡಿಸ್ತಾಳೆ.'
ಕೈಯಿಲ್ಲದವಳು ಮನೆ ಕಟ್ಟುತ್ತಿದ್ದಳು.
ನಾವು ನೋಡಲಿಲ್ಲ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದೆವು.

ಬರೆದೆ: ಕಾಳಿಂಗ, ಕೇಳಿದ್ದು, ಒಂದು.
ಆಫೀಸಿನಿಂದ ಕೆಂಪು ಶಾಯಿ ಬಂತು:
'ಹಾವು ಕೂಗಿತೇ?'

ಉತ್ತರ ಕಳಿಸುವ ಮೊದಲೇ ಕಕ್ಕಡ.
ಒಂದು ರಾತ್ರಿ ಎದುರು ಬೆಟ್ಟ ಮೈ ಬಿಟ್ಟು ಇಳಿಯಿತು.
ಬೆಳಗ್ಗೆ ಡಾಂಬರಿನ ಮೇಲೆ ಮಣ್ಣಿನೊಳಗಿನ ಹಾವುಗಳು,
ಕತ್ತಿಯಿಂದ ಓರೆ ಕೊಯ್ದಂಥ ಬಾಲ, ಹೊಟ್ಟೆಯ ಮೇಲೆ ಹಳದಿ,
ಯಾವ ಕಡೆ ಒಳಗೆ ಎಂದು ತಿಳಿಯದೆ
ಒಂದರ ಬೆರಳು ಇನ್ನೊಂದು ಹಿಡಿದ ಹಾಗೆ ಸುತ್ತಿಕೊಂಡು.
ತನಿಯ ಕೆಸುವಿನ ಎಲೆಯಲ್ಲಿ ಒಂದೊಂದನ್ನೇ ಎತ್ತಿ
ಉಳಿದ ಬರೆಯ ಬುಡಕ್ಕೆ ಬಿಟ್ಟ.
ಹದಿನೇಳರವರೆಗೆ ಎಣಿಸಿ ನಾನು ಬಿಟ್ಟೆ.

ಶಿಳ್ಳೆ ಹಕ್ಕಿ ಆ ವಾರ ಕೂಗಲಿಲ್ಲ.
ಕೇಳದೆ ಇದ್ದದ್ದಕ್ಕೆ ಪುಸ್ತಕದಲ್ಲಿ ಮನೆಯಿಲ್ಲ.
ತಾರೀಖು ಮಾತ್ರ ಬರೆದು ಪೆನ್ನಿನ ಮುಚ್ಚಳ ಹಾಕುತ್ತಿದ್ದೆ,
ತನಿಯ ತೋಡಿನ ಕಡೆ ಕಿವಿ ತಿರುಗಿಸಿ,
'ತಾಳಿ' ಎಂದ.