ಒಂದು ಕಾಲು, ಒಂದೂಕಾಲು

ನಾಪೋಕ್ಲಿನಲ್ಲಿ ಮೊಯ್ದುಕಾಕನ ಚಪ್ಪಲಿ ಅಂಗಡಿ.
ಶಾಲೆ ಬಿಟ್ಟ ವರ್ಷ ಅಲ್ಲಿ ಲೆಕ್ಕ ಬರೆಯುತ್ತಿದ್ದೆ.
ಕುರ್ಚಿ ಇರಲಿಲ್ಲ, ಮೂರು ಕಾಲಿನ ಸ್ಟೂಲು.
"ಮುಕ್ಕಾಲು ಕೆಲಸಕ್ಕೆ ಮುಕ್ಕಾಲಿ ಸಾಕು" ಅನ್ನುವರು ಕಾಕ,
ಸಂಬಳವನ್ನೂ ಅದೇ ಲೆಕ್ಕದಲ್ಲಿ ಎಣಿಸುತ್ತ.

ಪುತ್ತರಿ ಹತ್ತಿರ ಬಂತೆಂದರೆ
ಹವಾಲ್ದಾರ್ ಚೆಂಗಪ್ಪ ಬರಲೇಬೇಕು.
ಕಂಕುಳಲ್ಲಿ ಎರಡು ಊರುಗೋಲು,
ಎಡಗಡೆ ಪ್ಯಾಂಟು ಮಡಚಿ, ಇಸ್ತ್ರಿ ಮಾಡಿ, ಪಿನ್ನು ಹಾಕಿ.
"ಒಂಬತ್ತನೇ ನಂಬರು. ಬಲಗಾಲಿನದು ಮಾತ್ರ. ಎಷ್ಟು?"
"ಜೊತೆಗೆ ನಾನೂರು."
"ನನಗಿರುವುದು ಒಂದು ಕಾಲು,
ಕೊಡುವುದೂ ಒಂದು ಕಾಲು. ತಗೋ ನೂರು."

ಕಾಕ ಇಲ್ಲದ ಮೀಸೆ ತಿರುವಿದರು.
"ಸರಿಯಾಗಿ ಕೇಳಿಸಲಿಲ್ಲ. ಒಂದೂಕಾಲು ಅಂದಿರಾ?
ಹಾಗಾದರೆ ಐನೂರು ಆಯಿತು."
ನಾನು ಪುಸ್ತಕದಲ್ಲಿ ಬರೆದುಕೊಂಡೆ:
ಒಂದು ಕೊಂಬಿನ ಬಾಲ ಎಳೆದದ್ದಕ್ಕೆ
ನಾನೂರು ರೂಪಾಯಿ.

ಬೆಂಚಿನ ಮೇಲೆ ಭಾಗಮಂಡಲದ ಪೂವಕ್ಕ,
ಕಿತ್ತ ಉಂಗುಷ್ಠ ಹೊಲಿಸಲು ಬಂದವರು,
ಮಡಿಲಲ್ಲಿ ಕಾಲು ಕಟ್ಟಿದ ಹುಂಜ.
"ಜಗಳ ಯಾಕೆ, ಎಣಿಸಿ.
ಹುಂಜಕ್ಕೆ ಎರಡು ಕಾಲು, ಅಂದರೆ ಅರೆ.
ನಾಯಿಗೆ ನಾಲ್ಕು, ಅದು ಪೂರ್ತಿ ಒಂದು.
ಹಾವು ಸೊನ್ನೆ,
ಅದಕ್ಕೇ ಸುತ್ತಿಕೊಂಡು ಮಲಗುವುದು."
"ಏಡಿ?" ಅಂದೆ ನಾನು.
"ಹತ್ತು ಕಾಲು, ಎರಡೂವರೆ. ಸಾರಿಗೆ ಬಿದ್ದ ಮೇಲೆ
ಲೆಕ್ಕ ನಾಲಿಗೆಯದು.
ನಾನು ಅರೆ, ಕಾಕ ಅರೆ, ನೀನೂ ಅರೆ ಕಣೇ.
ಕೋಲು ಎರಡು, ಕಾಲು ಒಂದು,
ಈ ಅಂಗಡಿಯಲ್ಲಿ ಇವರೊಬ್ಬರೇ ಮುಕ್ಕಾಲು!"

"ಮುನ್ನೂರು!" ಅಂದರು ಕಾಕ, ತಡಮಾಡದೆ.

ಹವಾಲ್ದಾರರು ಬಿಡುವವರಲ್ಲ.
"ಪೂವಕ್ಕ, ನಿಮ್ಮದು ಅರೆಭಾಷೆ, ತೀರ್ಪೂ ಅರೆ.
ಮಿಕ್ಕರ್ಧ ಎಲ್ಲಿ?"
"ಇಲ್ಲೇ ಉಟ್ಟು."
"ಉಟ್ಟದ್ದು ಸೀರೆಯಲ್ಲವೇ?"
"ನಮ್ಮಲ್ಲಿ ಇರುವುದೆಲ್ಲ ಉಟ್ಟು.
ಸೀರೆಯೂ ಉಟ್ಟು, ಸೊಸೈಟಿ ಸಾಲವೂ ಉಟ್ಟು.
ಮತ್ತೆ ಅರೆ ಅಂದರೆ ಅರ್ಧವೇ ಯಾಕಾಗಬೇಕು?
ಅಜ್ಜಿಯರು ಅರೆದು ಅರೆದೇ
ಮಾತು ಇಷ್ಟು ನುಣ್ಣಗಾಗಿದ್ದು.
ಅರ್ಧವೇ ಅನ್ನಿ, ಬೇಡ ಅನ್ನುವುದಿಲ್ಲ,
ಅರ್ಧ ನನ್ನ ಬಾಯಲ್ಲಿ,
ಅರ್ಧ ಈಗ ನಗುತ್ತಿರುವವರ ಕಿವಿಯಲ್ಲಿ."
ಹುಂಜ ಕೂಗಿತು.
ಅರೆಯಾದರೂ ಪೂರ್ತಿ ಕೂಗಿತು.

ಆಮೇಲೆ ಹವಾಲ್ದಾರರು ನಾಲ್ಕು ನೋಟು ಇಟ್ಟರು,
ಪ್ರತಿವರ್ಷ ಇಡುವ ಹಾಗೆ.
ಕಾಕ ಎರಡನ್ನು ಅವರ ಜೇಬಿಗೆ ತುರುಕಿದರು,
ಪ್ರತಿವರ್ಷ ತುರುಕುವ ಹಾಗೆ.
ಒಂದು ಮತ್ತೆ ಗಲ್ಲೆಗೆ ಹಾರಿತು,
ಅರ್ಧ ದಾರಿಯಿಂದ ವಾಪಸಾಯಿತೋ ಏನೋ.
ಆ ಸಾಲು ಇವತ್ತಿಗೂ ನನ್ನ ಪುಸ್ತಕದಲ್ಲಿ ಕೂಡುವುದಿಲ್ಲ.

ಉಳಿದ ಎಡಗಾಲಿನ ಶೂ ಇಡಲು ಅಟ್ಟ ಹತ್ತಿದೆ.
ಅಲ್ಲಿ ಆಗಲೇ ಏಳಿದ್ದವು,
ಒಳಗೆ ಕಾಗದ ತುರುಕಿದವು,
ಯಾರೂ ಮೆಟ್ಟದಿದ್ದರೂ ಯಾರೋ
ತಪ್ಪದೆ ಪಾಲಿಶ್ ಹಚ್ಚಿದವು.
ಹೊಸದನ್ನು ಪಕ್ಕದಲ್ಲಿಟ್ಟೆ.
"ಎಷ್ಟಾಯಿತು?" ಕೆಳಗಿನಿಂದ ಕಾಕ.
"ಎಂಟು ಕಾಲು."
ಎಂಟು ಕಾಲು ಅಂದರೆ ಎರಡು,
ಅದನ್ನೂ ಹೇಳಬೇಕೆಂದು ಬಾಯಿ ತೆರೆದೆ.
"ಎಂಟೂಕಾಲೇ? ಬಾಗಿಲು ಹಾಕು, ಹೊತ್ತಾಯಿತು."

ರಸ್ತೆಯಲ್ಲಿ ಕೋಲು, ಕೋಲು, ಆಮೇಲೆ
ಹೊಸ ಚರ್ಮದ ಒಂದು ಕಿರ್ರು.