ಪ್ಯಾರಾ ಒಂಬತ್ತು

ಮೇಯೋ ಹಾಲಿನ ಎದುರು, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ನನ್ನದೊಂದು ಮೇಜು, ಹಳೇ ಕಂಪ್ಯೂಟರು, ಎರಡು ಸ್ಟೂಲು.
ಪುಟಕ್ಕೆ ಮೂವತ್ತು ರೂಪಾಯಿ. ತಿದ್ದುವುದು ಪುಕ್ಕಟೆ.
ಇಪ್ಪತ್ತೆರಡು ವರ್ಷದಿಂದ ಬೇರೆಯವರ ನೋವಿಗೆ
ಎಡಗಡೆ ಒಂದೂವರೆ ಇಂಚು ಮಾರ್ಜಿನ್ ಬಿಡುತ್ತಿದ್ದೇನೆ.

ಇವತ್ತು ಸಗಾಯಮೇರಿ. ವಯಸ್ಸು ನಲವತ್ತೇಳು, ಕಸುಬು ಹೊಲಿಗೆ,
ವಾಸ ಲಿಂಗರಾಜಪುರ.
ಪಂಕಜಾಕ್ಷಿ ವಕೀಲರು ಹೇಳುತ್ತಾರೆ, ನಾನು ಕುಟ್ಟುತ್ತೇನೆ:
ಸದರಿ ದಿನ ಸಂಜೆ ಏಳೂ ಇಪ್ಪತ್ತಕ್ಕೆ
ಸದರಿ ಫುಟ್‌ಪಾತಿಗೆ ಸದರಿ ಚಪ್ಪಡಿ ಇರಲಿಲ್ಲ,
ಸದರಿ ವಾದಿ ಒಳಗೆ ಬಿದ್ದರು.

ನೋಟೀಸಿಗೆ ಉತ್ತರಗಳು ಬಂದಿವೆ.
ಪಾಲಿಕೆ: ಚಪ್ಪಡಿ ನಮ್ಮದು, ಎತ್ತಿದವರು ನಾವಲ್ಲ.
ಜಲಮಂಡಳಿ: ಹರಿಯುವುದು ನಮ್ಮದು, ಗುಂಡಿ ನಮ್ಮದಲ್ಲ.
ಕೇಬಲ್ ಎಳೆದ ಗುತ್ತಿಗೆದಾರ: ಎತ್ತಿದ್ದು ನಿಜ,
ಮುಚ್ಚೋಕೆ ಹುಡುಗನಿಗೆ ಹೇಳಿದ್ದೆ.
ಹುಡುಗನ ಹೆಸರು ಯಾರಿಗೂ ಗೊತ್ತಿಲ್ಲ.
"ಬೇಕಾಗಿಲ್ಲ," ಅಂದರು ವಕೀಲರು,
"ಕೈ ಅವನದು, ತೋಳು ಇವರದೇ."

ಕಾನೂನಿನಲ್ಲಿ ಒಬ್ಬ ವಿವೇಕಿ ಮನುಷ್ಯ ಇದ್ದಾನೆ.
ಅಗೆದರೆ ಬೇಲಿ ಕಟ್ಟುತ್ತಾನೆ, ನಾಯಿ ಸಾಕಿದರೆ ಸರಪಳಿ ಕೊಳ್ಳುತ್ತಾನೆ,
ಆಗಬಹುದಾದ್ದನ್ನು ಆಗುವ ಮುಂಚೆ ನೋಡುತ್ತಾನೆ.
ಎಷ್ಟೋ ಸಾವಿರ ಸಲ ಅವನನ್ನು ಟೈಪ್ ಮಾಡಿದ್ದೇನೆ.
ಒಂದು ದಿನವೂ ಈ ಸ್ಟೂಲಿನ ಮೇಲೆ ಬಂದು ಕೂತವನಲ್ಲ.

ಗುಂಡಿಯಲ್ಲಿ ಒಂದು ಹೊಂಗೆ ಕೊಂಬೆ ಇತ್ತಂತೆ.
ಈ ಊರಿನಲ್ಲಿ ಯಾರೋ ನೆಡುತ್ತಾರಲ್ಲ, ಹೇಳದೆ ಕೇಳದೆ,
ಯಾವ ಕಾಯ್ದೆಯೂ ಕೇಳದ ಕರ್ತವ್ಯ.
ಅದನ್ನೇ ಹಿಡಿದುಕೊಂಡಿದೆ ಪಾಲಿಕೆ:
ಎಚ್ಚರಿಕೆ ಇತ್ತು, ನೋಡಿ ನಡೆಯಬೇಕಿತ್ತು, ಅರ್ಧ ತಪ್ಪು ಆಕೆಯದು.
"ಎಲೆ ಬಾಡಿ ಬಗ್ಗಿತ್ತು ಸಾರ್, ದೀಪ ಇರಲಿಲ್ಲ.
ನೆಟ್ಟವರ ಮೇಲೆ ಏನೂ ಬರೀಬೇಡಿ," ಅಂದಳು ಮೇರಿ.

ಪ್ಯಾರಾ ಎಂಟು: ಬಲ ಮಂಡಿಗೆ ಇಷ್ಟು, ಆಸ್ಪತ್ರೆಗೆ ಇಷ್ಟು,
ಹೊಲಿಯದೆ ಉಳಿದ ಬ್ಲೌಸುಗಳಿಗೆ ಇಷ್ಟು.
ಪೆಡಲ್ ತುಳಿಯುವ ಕಾಲು ಅದು.

ಪ್ಯಾರಾ ಒಂಬತ್ತು.
ಎದುರಿನ ಬೇಕರಿಯ ಕ್ಯಾಮೆರಾ ಎಲ್ಲ ನೋಡಿದೆ, ಹನ್ನೊಂದು ಸೆಕೆಂಡು.
ಸೀರೆ ಮೇಲೆ, ಕೈ ಮೇಲೆ, ಆಮೇಲೆ ಬರೀ ಕತ್ತಲು.
ಬೇಕರಿಯವರು ಯಾರಿಗೋ ಕಳಿಸಿದರು, ಅವರು ನಗುವ ಸದ್ದು ಸೇರಿಸಿ
ಊರಿಗೆಲ್ಲ ಕಳಿಸಿದರು.
ಅಳತೆ ಕೊಡಲು ಬಂದ ಹುಡುಗಿ ಫೋನು ಚಾಚಿ
"ಇದು ನೀವಲ್ವಾ ಆಂಟಿ?" ಅಂದಳಂತೆ.

"ಇಪ್ಪತ್ತೈದು ವರ್ಷ ಸಾರ್, ಪರದೆ ಎಳೆದೇ ಟೇಪು ಹಿಡಿದಿದೀನಿ.
ಒಬ್ಬರ ಅಳತೆ ಇನ್ನೊಬ್ಬರಿಗೆ ಹೇಳಿಲ್ಲ,
ನಾದಿನಿ ಕೇಳಿದರೂ, ಅತ್ತೆ ಕೇಳಿದರೂ."

"ಆದರೆ ಅದೊಂದೇ ಸಾಕ್ಷಿ ಮೇರಿ," ಅಂದರು ವಕೀಲರು, ಮೆಲ್ಲಗೆ,
"ಕೋರ್ಟಿನಲ್ಲಿ ಮತ್ತೆ ಹಾಕಬೇಕಾಗುತ್ತೆ."
ಮೇರಿ ನನ್ನ ಕೀಬೋರ್ಡನ್ನೇ ನೋಡಿದಳು.
"ಹಾಕಿ. ಸದ್ದು ತೆಗೆದು ಹಾಕಿ."

ನಾನು ಏನೂ ಹೇಳಲಿಲ್ಲ.
ಆ ಸದ್ದು ನನಗೆ ಗೊತ್ತು.
ಹೋದ ತಿಂಗಳು ನಮ್ಮ ಟೈಪಿಸ್ಟರ ಗ್ರೂಪಿಗೆ ಬಂದಿತ್ತು,
ಬನ್ ಬಟರ್ ತಿನ್ನುತ್ತಾ ಎರಡು ಸಲ ನೋಡಿದೆ,
ಭಾವಮೈದನಿಗೂ ಕಳಿಸಿದೆ.
ಬಿದ್ದವರಿಗೆ ಮುಖ ಇದೆಯೆಂದು ಆವತ್ತು ಹೊಳೆಯಲಿಲ್ಲ.

"ಬರ್ಕೊಳ್ಳಿ," ಅಂದರು ವಕೀಲರು.
ಪ್ರತಿವಾದಿ ನಾಲ್ಕು: ಬೇಕರಿಯ ಮಾಲೀಕರು.
ಪ್ರತಿವಾದಿ ಐದು: ಹೆಸರು, ವಿಳಾಸ ತಿಳಿಯದ ಇತರರು.
ಇತರರು ಎಂಬಲ್ಲಿ ಬೆರಳು ತಪ್ಪಿತು.
ಅಳಿಸಿದೆ. ಮತ್ತೆ ಹೊಡೆದೆ. ಮತ್ತೆ ತಪ್ಪಿತು.
"ಕರೆಂಟು ಸರಿಯಿಲ್ಲ," ಅಂದೆ.

ಒಟ್ಟು ಏಳು ಪುಟ, ಇನ್ನೂರ ಹತ್ತು.
ಮೇರಿ ಪರ್ಸಿನಿಂದ ತೆಗೆದು ಎರಡು ಸಲ ಎಣಿಸಿ ಕೊಟ್ಟಳು.
ತಗೊಂಡೆ.